ಸಾಹುಕಾರ್ರ ಕೈನಡುಕ, ಮೇಡಮ್ಮೋರ ಕೌನ್ಸೆಲಿಂಗು

ಗಾಲ್ಫ್ ಆಡೋರ ಕೈ ನಡುಗಿದಾಗೆಲ್ಲ ಏನಾದ್ರೊಂದು ತಮಾಷೆ ಆಗೇ ಆಗುತ್ತೆ. ಆದ್ರೆ ಅವರ ಕೋಲುಗಳ ಬ್ಯಾಗ್ ಹೊರೋನು ನಗಂಗಿಲ್ಲ. ನಕ್ಕರೆ ಕೆಲಸ ಹೋಯ್ತು. ಕುಣಿಗಲ್ ಕಡೆ ಒಂದು ಸಣ್ಣ ಗಾಲ್ಫ್ ಮೈದಾನದಲ್ಲಿ ಬಹಳ ವರ್ಷ ಬ್ಯಾಗ್ ಹೊತ್ತೆ. ಆಗ ನುಂಗಿಕೊಂಡ ನಗು ಈಗ ಬರೀತಿದೀನಿ.

ಒಬ್ಬಟ್ಟು

ನಾನು ಹೊರ್ತಿದ್ದದ್ದು ಗುಬ್ಬಿಯ ಕೊಬ್ಬರಿ ಮಂಡಿ ಸಾಹುಕಾರ್ರ ಬ್ಯಾಗು. ದೂರಕ್ಕೆ ಹೊಡೆಯೋದ್ರಲ್ಲಿ ಅವರೇ ಮುಂದು. ಚೆಂಡು ಬೀಳ್ಬೇಕಾದ ಕುಳಿ ಹತ್ರ ಬಂದ್ರೆ ಮುಗೀತು. ಮೊಳ ದೂರದಲ್ಲಿ ಕುಳಿ, ಸುತ್ತ ಜನ ಉಸಿರು ಬಿಗಿಹಿಡಿದು ನಿಂತವ್ರೆ, ಇವರ ಕೈ ಗಡಗಡ. ಚೆಂಡು ಪಕ್ಕಕ್ಕೆ ಹೋಗೋದು.

ಅವರ ಬೀಗರೂ ಅಲ್ಲೇ ಆಡ್ತಿದ್ರು. ತುಮಕೂರಿನವರು. ಮಗಳನ್ನ ಕೊಟ್ಟ ಮನೆ, ಎದುರು ಮಾತಾಡಂಗಿಲ್ಲ. ಗೌರಿ ಹಬ್ಬಕ್ಕೆ ಬೀಗರು ಊಟಕ್ಕೆ ಬಂದಾಗ ಸಾಹುಕಾರ್ರೇ ಬಡಿಸೋಕೆ ನಿಂತರಂತೆ. ಒಬ್ಬಟ್ಟು ಎತ್ತಿದ್ರು. ಬೀಗರು ಎಲೆ ಎಳ್ಕೊಂಡು, "ತಡೀರಿ ಬೀಗರೇ, ಎಲೇನ ಹತ್ರಕ್ಕೆ ತರ್ತೀನಿ. ನಿಮ್ಗೆ ಗುರಿ ತಪ್ಪುತ್ತೆ" ಅಂದ್ರಂತೆ. ಪಂಕ್ತಿಯೆಲ್ಲ ನಕ್ಕಿತಂತೆ.

ಅವತ್ತಿಂದ ಸಾಹುಕಾರ್ರು ಒಬ್ಬಟ್ಟು ಬಿಟ್ಟರು. ಗಾಲ್ಫ್ ಬಿಡಲಿಲ್ಲ.

ಕಣ್ಣು ಮುಚ್ಚಿ

ಹಿಂಗೆ ಕೈ ನಡುಗೋರು ಇನ್ನೂ ಕೆಲವರಿದ್ರು. ಕ್ಲಬ್ಬಿನವರು ಮರಳೂರಿಂದ ಒಬ್ಬರು ಮೇಡಮ್ಮೋರನ್ನ ಕರೆಸಿದ್ರು. ಕಾಲೇಜಲ್ಲಿ ಮನಸ್ಸಿನ ವಿಷ್ಯ ಪಾಠ ಮಾಡೋರು. ಕೌನ್ಸೆಲಿಂಗ್ ಮಾಡ್ತಾರೆ ಅಂದ್ರು. ಅದ್ರಲ್ಲಿ ಇಂಜೆಕ್ಷನ್ ಇರಲ್ಲ ತಾನೇ ಅಂತ ಸಾಹುಕಾರ್ರು ನನ್ನ ಕೇಳಿದ್ರು. ನಂಗೇನು ಗೊತ್ತು.

ಮೇಡಮ್ಮೋರು ಎಲ್ರನ್ನೂ ಶೆಡ್ಡಲ್ಲಿ ಕೂರಿಸಿ, ಕಣ್ಣು ಮುಚ್ಚಿ ನಿಧಾನಕ್ಕೆ ಉಸಿರಾಡಿ, ಭಯ ಹೊರಗೆ ಹೋಗ್ತದೆ ಅಂದ್ರು. ಎಲ್ರೂ ಮುದ್ದೆ ಉಂಡು ಬಂದಿದ್ರು. ಸ್ವಲ್ಪ ಹೊತ್ತಿಗೆ, ತಮಾಷೆ ನೋಡೋಕೆ ಬಂದು ಕೂತಿದ್ದ ಬೀಗರ ಗೊರಕೆ ಶುರುವಾಯ್ತು.

ಮೇಡಮ್ಮೋರು ಅವರನ್ನ ಎಬ್ಬಿಸಲಿಲ್ಲ. "ಇವರಿಗೆ ಏನೂ ಬೇಡ" ಅಂದು ಮುಂದಿನ ಕುರ್ಚಿಗೆ ಹೋದ್ರು.

ಚೆಂಡಿನ ಹತ್ರ ಮಾತು

ಆಮೇಲೆ ಸಾಹುಕಾರ್ರಿಗೆ ಬೇರೆ ಪಾಠ. ಹೊಡೆಯೋ ಮುಂಚೆ ಮನಸ್ಸಲ್ಲಿರೋ ಭಯ ಚೆಂಡಿಗೆ ಹೇಳ್ಬಿಡಿ ಅಂದ್ರು ಮೇಡಮ್ಮೋರು. ಸಾಹುಕಾರ್ರು ಚೆಂಡಿನ ಮುಂದೆ ಕುಕ್ಕರಗಾಲಲ್ಲಿ ಕೂತ್ರು. ಮೊದಲು ಪಿಸಪಿಸ. ಆಮೇಲೆ ದನಿ ಏರ್ತು. ಮಗಳ ಮದುವೆ ಮಾತುಕತೆ ದಿನ ಬೀಗರು ಏನಂದ್ರು, ಛತ್ರ ಯಾರು ಗೊತ್ತು ಮಾಡಿದ್ರು, ಧಾರೆ ಹೊತ್ತಲ್ಲಿ ಯಾರು ಮುಖ ಸಿಂಡರಿಸಿದ್ರು, ಎಲ್ಲ ಬಂತು. ಹಿಂದೆ ಆಡ್ತಿದ್ದೋರು ಬಂದು ಕಾಯ್ತಾ ನಿಂತ್ರು. ಅದ್ರಲ್ಲಿ ಬೀಗರೂ ಇದ್ರು.

ಬೀಗರು ಮೆಲ್ಲಗೆ, "ಮದುವೆ ಮುಗಿದ್ರೆ ಹೇಳಿ ಬೀಗರೇ, ನಾವು ಮುಂದಕ್ಕೆ ಹೋಗ್ಬೇಕು" ಅಂದ್ರು.

ನಮ್ಮವಳು

ನಮ್ಮವಳು ಆ ಮೈದಾನದಲ್ಲೇ ಕಳೆ ಕೀಳ್ತಿದ್ಲು. ಹೊಡೆಯೋ ಹೊತ್ತಲ್ಲಿ ಯಾರೂ ಮಾತಾಡಬಾರದು, ಚೆಂಡನ್ನ ಕೈಲಿ ಮುಟ್ಟಬಾರದು ಅನ್ನೋದು ಅವಳಿಗೆ ಗೊತ್ತಿಲ್ಲ. ಒಂದಿನ ಸಾಹುಕಾರ್ರು ಕುಳಿ ಮುಂದೆ ನಡುಗ್ತಾ ನಿಂತವ್ರೆ. ಇವಳು ಹೊಂಗೆ ಮರದ ಕೆಳಗಿಂದ ರಾಗವಾಗಿ ಅಂದ್ಲು:

"ಅಷ್ಟ್ ಹತ್ರ ಐತಲ್ಲಣ್ಣೋ. ಕೈಲಿ ಎತ್ತಿ ಹಾಕ್ಬುಡಿ."

ನಾನು ಕೆಲಸ ಹೋಯ್ತು ಅಂದ್ಕೊಂಡೆ. ಸಾಹುಕಾರ್ರು ಕೋಲು ಊರಿಕೊಂಡು ನಕ್ಕರು. ನಗ್ತಾನೇ ತಳ್ಳಿದ್ರು. ಚೆಂಡು ಒಳಕ್ಕೆ.

ಮನೆಗೆ ಬಂದು ಬೈದೆ. "ನಾನೇನ್ ತಪ್ಪಂದೆ? ಬಗ್ಗಿದ್ರೆ ಸಿಗ್ತಿತ್ತು" ಅಂದ್ಲು.

ಕೊನೇ ಹೊಡೆತ

ನಮ್ಮವಳು ತೀರ್ಕೊಂಡ ಮೇಲೆ ಕ್ಲಬ್ಬಿನ ಕಪ್ಪಿನ ಪಂದ್ಯ ಬಂತು. ಮನೇಲಿ ಮಾತಿಲ್ಲ, ಮೈದಾನದಲ್ಲೂ ಮಾತಿಲ್ಲ. ನಂಗೆ ಎರಡೂ ಒಂದೇ ಆಗಿತ್ತು. ಕೊನೆಗೆ ಉಳಿದೋರು ಬೀಗರು, ಸಾಹುಕಾರ್ರು. "ಇವತ್ತು ತಪ್ಪಿದ್ರೆ ಬ್ಯಾಗು ನೀನೇ ಇಟ್ಕೊಳಯ್ಯಾ. ನಾನಿನ್ನು ಈ ಕಡೆ ಬರಲ್ಲ" ಅಂದಿದ್ರು ಸಾಹುಕಾರ್ರು. ಬ್ಯಾಗು ಇಟ್ಕೊಂಡು ಏನ್ ಮಾಡ್ಲಿ. ಅವರು ಬರದಿದ್ರೆ ನಾನು ಆ ಮನೇಲೇ ಕೂರಬೇಕು.

ಮೊಳ ದೂರದಲ್ಲಿ ಕುಳಿ. ಬಿದ್ರೆ ಕಪ್ಪು ಇವರದು. ಕೈ ನಡುಗ್ತು. ಹಿಂದಕ್ಕೆ ಬಂದ್ರು. ಮತ್ತೆ ಹೋದ್ರು. ಮತ್ತೆ ನಡುಗ್ತು. ಬೀಗರು ಕೆಮ್ಮಿದ್ರು. ಸಾಹುಕಾರ್ರು ಹೊಂಗೆ ಮರದ ಕಡೆ ನೋಡಿದ್ರು. ಆಮೇಲೆ ತಮಗೆ ತಾವೇ, ಅವಳ ರಾಗದಲ್ಲೇ, "ಅಷ್ಟ್ ಹತ್ರ ಐತಲ್ಲಣ್ಣೋ, ಕೈಲಿ ಎತ್ತಿ ಹಾಕ್ಬುಡಿ" ಅಂದ್ರು.

ನಾನು ಬಗ್ಗಿ ಬ್ಯಾಗಿನ ಪಟ್ಟಿ ಬಿಗಿ ಮಾಡ್ತಾ ಕೂತೆ. ಬಿಗಿಯಾಗೇ ಇತ್ತು. ಕುಳಿಯೊಳಗೆ ಟಕ್ ಅಂದದ್ದು ಕೇಳಿಸ್ತು.

ಮೇಡಮ್ಮೋರಿಗೆ ವಿಷ್ಯ ಗೊತ್ತಾಗಿ ಖುಷಿಯಾಯ್ತು. ಇನ್ಮೇಲೆ ಎಲ್ರೂ ಹೊಡೆಯೋ ಮುಂಚೆ ಮನಸ್ಸಲ್ಲಿ ಆ ಮಾತನ್ನೇ ಅಂದ್ಕೊಳ್ಳಿ ಅಂದ್ರು. ಸೋತ ಮೇಲೆ ಬೀಗರಿಗೂ ಕೈನಡುಕ ಹತ್ಕೊಂಡಿತ್ತು. ಮುಂದಿನ ಪಂದ್ಯದಲ್ಲಿ ಅವರು ಕುಳಿ ಮುಂದೆ ನಿಂತ್ರು. ತುಟಿ ಅಲ್ಲಾಡ್ತು. ಬೆವರು ಇಳೀತು. ಬೀಗರು ಬಗ್ಗಿದ್ರು, ಚೆಂಡನ್ನ ಕೈಲಿ ಎತ್ತಿದ್ರು, ಕುಳಿಗೆ ಹಾಕಿದ್ರು.

ಹಾಕಿದ ಮೇಲೆ ತಮ್ಮ ಕೈನ ತಾವೇ ನೋಡ್ಕೊಂಡ್ರು. "ನಾನು ಬರೀ ಅಂದ್ಕೊಂಡೆ ಕಣ್ರೀ. ಕೈ ಮಾಡೇಬುಡ್ತು" ಅಂದ್ರು.

ಬ್ಯಾಗು ಕೆಳಗಿಟ್ಟು ನಕ್ಕೆ. ನಮ್ಮವಳು ಹೋದ ಮೇಲೆ ಅದೇ ಮೊದಲು. ಯಾರೂ ಕೆಲಸದಿಂದ ತೆಗೀಲಿಲ್ಲ. ಸಾಹುಕಾರ್ರು ಮಾತ್ರ ನಗಲಿಲ್ಲ. ಬೀಗರ ಹೆಗಲ ಮೇಲೆ ಕೈ ಹಾಕಿ ಮೆಲ್ಲಗೆ ಅಂದ್ರು:

"ಗುರಿ ತಪ್ಪಲಿಲ್ಲ ಬುಡಿ ಬೀಗರೇ. ಈ ಸಲ ಗೌರಿ ಹಬ್ಬಕ್ಕೆ ಒಬ್ಬಟ್ಟು ನೀವೇ ಬಡ್ಸಿ."