ಒದೆಗೊಂದು ನಮಸ್ಕಾರ

ಅವತ್ತಿನ ಅನಾಹುತಕ್ಕೆಲ್ಲ ಮೂಲ ಹತ್ತು ವರ್ಷದ ಸಂಕೇತನ ಬಲಗಾಲು. ಕಿಕ್‌ಬಾಕ್ಸಿಂಗ್ ಪ್ರದರ್ಶನದಲ್ಲಿ ಅದು ಎದುರಾಳಿ ಹುಡುಗಿ ಚಾರುಲತಾಳ ಸೊಂಟಕ್ಕೆ ಶಾಂಭವಿ ಹೇಳಿಕೊಟ್ಟಂತೆಯೇ ಬಿತ್ತು. ಬಿದ್ದದ್ದೇ ತಡ, ಸಂಕೇತ ಬಗ್ಗಿ ಅವಳನ್ನು ಮುಟ್ಟಿ, ಕೈಗವಸಿನ ಸಮೇತ ಕಣ್ಣಿಗೊತ್ತಿಕೊಂಡ. ಅವನ ಕಣ್ಣು ಮುಚ್ಚಿದ್ದಾಗಲೇ ಚಾರುಲತಾ ಮೂಗಿಗೆ ಗುದ್ದಿದಳು.

"ಯಾಕೋ ಬಗ್ಗಿದಿ?" ಶಾಂಭವಿ ಹಲ್ಲು ಕಚ್ಚಿ ಕೇಳಿದಳು.

"ಕಾಲ ಹತ್ತಿದ್ರ ನಮಸ್ಕಾರ ಮಾಡಬೇಕಂತ ಅಜ್ಜಿ ಹೇಳ್ಯಾಳ ದೀದಿ. ನಹೀ ತೋ ಪಾಪ್ ಲಗತಾ ಹೈ, ಪಾಪ ಹತ್ತತದ."

೧೯೯೮ರ ಫೆಬ್ರವರಿಯ ಒಂದು ಭಾನುವಾರ. ನಾಗಪುರದ ಕನ್ನಡ ಬಳಗದ ಸಭಾಂಗಣ ತುಂಬಿತ್ತು. ಬಿ.ಎ. ಮುಗಿಸಿ ಮನೆಯಲ್ಲಿದ್ದ ಶಾಂಭವಿ ಕಾಲೇಜಿನಲ್ಲಿ ಕಿಕ್‌ಬಾಕ್ಸಿಂಗ್ ಕಲಿತವಳು. ಆದರೆ ನಾಲ್ಕು ಜನರೆದುರು ಬಾಯಿ ಬಿಡದವಳು. ಬಂದ ಸಿಟ್ಟೆಲ್ಲ ಗೋಲಿ ಸೋಡಾದ ಗೋಲಿಯಂತೆ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಭಾನುವಾರ ಬೆಳಿಗ್ಗೆ ಮಕ್ಕಳ ತರಗತಿಗೆ ಸಭಾಂಗಣ ಕೊಡಿ ಎಂದು ಅಧ್ಯಕ್ಷ ನೀಲಕಂಠಪ್ಪನವರನ್ನು ತಿಂಗಳುಗಟ್ಟಲೆ ಕಾಡಿದ್ದಳು. "ಮೊದಲ ಎಲ್ಲಾರ ಮುಂದ ನಿನ್ನ ಆಟದ ಪರಿಚಯ ಮಾಡಿಕೊಡವಾ. ಮಂದಿ ಒಪ್ಪಿದ್ರ ಹಾಲ್ ನಿಂದು. ಇಲ್ಲಾಂದ್ರ ಜಯವ್ವನ ಹೌಸಿ-ತಂಬೋಲಾ ಆಡೋ ಮಂಡಳಿಗೆ" ಎಂದಿದ್ದರು. ಆ ಜಯವ್ವ ಈಗ ಮೊದಲ ಸಾಲಿನಲ್ಲೇ ಕೂತಿದ್ದಳು.

ಶಾಂಭವಿ ಮೈಕು ಹಿಡಿದಳು. "ಕಿಕ್‌ಬಾಕ್ಸಿಂಗ್ ಅಂದ್ರ ಮುಷ್ಟಿ, ಕಾಲು ಎರಡೂ ಬಳಸೋ ಆಟ. ಮಕ್ಕಳ ಉಸಿರು ಗಟ್ಟಿ ಆಗ್ತದ, ಲಕ್ಷ್ಯ ಒಂದ ಕಡೆ ನಿಲ್ತದ, ಅಂಜಿಕಿ ಹೋಗ್ತದ. ಮುಖ್ಯ ಅಂದ್ರ, ಸಿಟ್ಟು ಹತೋಟಿಗೆ..."

"ತಂಗಿ," ಜಯವ್ವ ನಡುವೆ ಬಾಯಿ ಹಾಕಿದಳು, "ನಾಳೆ ವರ ನೋಡಾಕ ಬಂದವ್ರಿಗೆ ಹಾಡು ಹಾಡ್ತೀಯೋ, ಒದ್ದು ತೋರಸ್ತೀಯೋ?"

ಸಭೆಗೆ ಸಭೆಯೇ ನಕ್ಕಿತು.

ನೀಲಕಂಠಪ್ಪ ಮೈಕು ಕಸಿದುಕೊಂಡರು. "ಹುಡುಗ್ರಾ, ಸರಸ್ವತಿ ಫೋಟೋದ ಕಡೆ ಕಾಲು ಎತ್ತಬ್ಯಾಡ್ರಿ!" ಮಕ್ಕಳು ಎಡಕ್ಕೆ ತಿರುಗಿದರು. ಅಲ್ಲಿ ಬಳಗದ ಸ್ಥಾಪಕರ ಫೋಟೋ. ಬಲಕ್ಕೆ ತಿರುಗಿದರೆ ತುಳಸಿ ಕುಂಡ. ಎದುರಿಗೆ ಹಿರಿಯರು.

"ಮತ್ತ ಎಲ್ಲಿ ಒದೀಬೇಕ್ರಿ ಕಾಕಾ? ಮ್ಯಾಲ?" ಎಂದಳು ಶಾಂಭವಿ.

"ಮ್ಯಾಲ ದೇವ್ರದಾನಲ್ಲವಾ!" ಜಯವ್ವ ಕೆನ್ನೆ ಬಡಿದುಕೊಂಡಳು.

ಕೊನೆಗೆ ಬಾಗಿಲ ಪಕ್ಕದ ಮೂಲೆ ಒದೆಯಲು ಯೋಗ್ಯವೆಂದು ತೀರ್ಮಾನವಾಯಿತು. ಅಲ್ಲೊಂದು ಹಾಸಿಗೆಯ ಸುರುಳಿ ನಿಲ್ಲಿಸಿದ್ದರು. ನೀಲಕಂಠಪ್ಪ ನೀರು ಮುಗಿದ ಕೂಲರಿನಂತೆ ಬಿಸಿಗಾಳಿಯ ಭಾಷಣ ಊದುತ್ತಿದ್ದರೆ, ಮಕ್ಕಳು ಸರದಿಯಲ್ಲಿ ಬಂದು ಹಾಸಿಗೆಗೆ ಒದ್ದರು. ಒದ್ದವರೆಲ್ಲ ಹಾಸಿಗೆಯನ್ನೇ ಮುಟ್ಟಿ ಕಣ್ಣಿಗೊತ್ತಿಕೊಂಡರು. ಒದೆಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ, ನಮಸ್ಕಾರಕ್ಕೆ ತಟ್ಟಿದರು.

"ಎಷ್ಟ ಚಂದ ಕೈ ಮುಗೀತಾವ ನೋಡ್ರಿ, ಕೂಸುಗಳು!" ಯಾರೋ ಮೆಚ್ಚಿದರು.

ಶಾಂಭವಿಯ ಗಂಟಲಿನ ಗೋಲಿ ಸಿಡಿಯಿತು.

"ಸಾಕು!" ಶಾಂಭವಿಯ ದನಿ ಮೈಕಿಲ್ಲದೆ ಬೀದಿಗೆ ಕೇಳಿತು. "ಒದ್ದ ಮ್ಯಾಲ ಯಾರೂ ಬಗ್ಗಬಾರದು! ಹ್ಯಾಂಗ ಒದೀಬೇಕು, ನೋಡ್ರಿಲ್ಲೆ!"

ಗರ್ರನೆ ತಿರುಗಿ, ವರ್ಷಗಳ ಸಿಟ್ಟನ್ನೆಲ್ಲ ಹಿಮ್ಮಡಿಗೆ ತಂದು ಒದ್ದಳು. ಅದೇ ಗಳಿಗೆಗೆ, "ಶಾಂತ ಆಗವಾ, ಸತ್ಕಾರ ಮಾಡಿ ಮುಗಸೋಣು" ಎನ್ನುತ್ತ ನೀಲಕಂಠಪ್ಪ ಕಿತ್ತಳೆ ಬುಟ್ಟಿ ಹಿಡಿದು ಹಾಸಿಗೆಗೆ ಅಡ್ಡ ಬಂದರು. ಒದೆ ಹೊಟ್ಟೆಗೇ ಬಿತ್ತು. ಅಧ್ಯಕ್ಷರು ಹಾಸಿಗೆ ಸಮೇತ ಉರುಳಿದರು. ಕಿತ್ತಳೆಗಳು ಜಯವ್ವನ ಕಾಲ ಬುಡದವರೆಗೂ ಓಡಿದವು.

ಆಮೇಲೆ ಆದದ್ದಕ್ಕೆ ಶಾಂಭವಿಯ ಒಪ್ಪಿಗೆ ಇರಲೇ ಇಲ್ಲ. ಅವಳ ಕೈ ತಾನಾಗಿ ಚಾಚಿ, ನೀಲಕಂಠಪ್ಪನವರನ್ನು ಮುಟ್ಟಿ, ಕಣ್ಣಿಗೊತ್ತಿಕೊಂಡಿತು.

ಕಿತ್ತಳೆಗಳ ನಡುವೆ ಕೂತಿದ್ದ ಅಧ್ಯಕ್ಷರ ಕಣ್ಣು ತುಂಬಿ ಬಂತು, ನೋವಿಗೋ, ಸಂತೋಷಕ್ಕೋ.

"ನೋಡಿದ್ರೇನ್ರೀ? ಇಷ್ಟ ಸಿಟ್ಟಿನಾಗೂ ಸಂಸ್ಕಾರ ಬಿಡಲಿಲ್ಲ ಹುಡುಗಿ! ಹಾಲ್ ಮಂಜೂರ್! ಮುಂದಿನ ಭಾನುವಾರದಿಂದ ಶಾಂಭವಿ ಮಕ್ಕಳಿಗೆ ನಮಸ್ಕಾರ ಮಾಡೂದು, ಶ್ಲೋಕ ಹೇಳೂದು ಕಲಸ್ತಾಳ. ಒದಿಯೂದು ಬಂದ್!"

"ಬರೋಬರ್!" ಜಯವ್ವನ ಚಪ್ಪಾಳೆಯೇ ಎಲ್ಲರಿಗಿಂತ ಜೋರಾಗಿತ್ತು.

ಶಾಂಭವಿ ಮತ್ತೆ ಬಗ್ಗಿದಳು. ನೀಲಕಂಠಪ್ಪನವರನ್ನು ಇನ್ನೊಮ್ಮೆ ಮುಟ್ಟಿ, ನಿಧಾನವಾಗಿ ಕಣ್ಣಿಗೊತ್ತಿಕೊಂಡಳು. ಸಭೆ ಭಕ್ತಿಯಿಂದ ತಲೆದೂಗಿತು.

ಸಂಕೇತ ಅವಳ ದುಪಟ್ಟಾ ಜಗ್ಗಿ ಪಿಸುಗುಟ್ಟಿದ: "ದೀದಿ, ಒದ್ದಿದ್ದು ಒಂದ ಸಲ. ಎರಡ ಸಲ ಯಾಕ ನಮಸ್ಕಾರ ಮಾಡಿದಿ?"

"ಇದು ಮುಂದಿನ ಒದಿಕೀದು," ಎಂದಳು ಶಾಂಭವಿ ಹಲ್ಲು ಕಚ್ಚಿ. "ಮುಂಗಡ."