ಮೂರು ಸಲ ಬೇಯಿಸಿದ ಇಡೀ ಕೋಳಿ

ಅದಕ್ಕೊಂದು ಹೆಸರಿತ್ತು. ರೋಟು... ಅಲ್ಲ, ರೋಷ್ಟು... ಮಿಲಿಟರಿ ಮೆಸ್ಸಿನಲ್ಲಿ ಅಡುಗೆಯವನಾಗಿದ್ದ ನನ್ನ ಮೈದುನ ಹೇಳುತ್ತಿದ್ದ. ಆಮೇಲೆ ಮಕ್ಕಳ ಜೊತೆ ಇಷ್ಟು ವರ್ಷ ಭೋಪಾಲಿನಲ್ಲಿದ್ದರೂ ನನ್ನ ನಾಲಿಗೆಗೆ ಅದು ಹತ್ತಲಿಲ್ಲ. ನಾನು ಸೊಸೆಯಾಗಿ ಹೋದ ಬಿಳಿಗೆರೆಯ ಮನೆಯಲ್ಲಿ ಅದು ಬರೀ ‘ಇಡೀ ಕೋಳಿ’. ತುಂಡು ಮಾಡದೆ, ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿ ಜೊತೆಗಿಟ್ಟು ಕೆಂಡದಲ್ಲಿ ಬೇಯಿಸುವುದು. ಆ ಮನೆಯಲ್ಲಿ ಹೊಸದೇನಾದರೂ ಮಾಡಹೊರಟರೆ ಒಂದು ರಾದ್ಧಾಂತವಾಗದೆ ಮುಗಿದದ್ದೇ ಇಲ್ಲ.

ನನಗೆ ಆ ಕೋಳಿಯ ಮೇಲೆ ಆಸೆ ಹುಟ್ಟಲು ಬೇರೆಯೇ ಕಾರಣವಿತ್ತು. ಸಾರು ಮಾಡಿದರೆ ಕಾಲೆರಡೂ ಗಂಡಸರ ತಟ್ಟೆಗೆ. ಕೊನೆಗೆ ಕೂರುವ ಹೆಂಗಸರಿಗೆ ಕತ್ತು, ರೆಕ್ಕೆ. ಮದುವೆಯಾಗಿ ನಾಲ್ಕು ವರ್ಷ ನಾನು ಕೋಳಿಕಾಲಿನ ರುಚಿ ಕಂಡಿರಲಿಲ್ಲ. ರಜೆಗೆ ಬಂದ ಮೈದುನ, “ಇದನ್ನ ಮಧ್ಯದಲ್ಲಿಟ್ಟು ಎಲ್ರೂ ಒಟ್ಟಿಗೆ ಕೂರದು ಅತ್ಗೆ, ಬೇಕಾದ್ದು ಕುಯ್ಕಂಡು ತಿನ್ನದು” ಅಂದ. ಅಂದೇ ನಾನು ಅವನ ಪಕ್ಷ.

೧. ಬಚ್ಚಲೊಲೆ

“ಅಡುಗೆಮನೆ ಒಳಕ್ಕೆ ಬಾಡು ತರಂಗಿಲ್ಲ, ಸಾರಿನಂಗೆ ಇದೂ ಹೊರಗೇ ಆಗ್ಬೇಕು” ಅಂದುಬಿಟ್ಟರು ಅತ್ತೆ. ಮೈದುನ ಬಚ್ಚಲ ಹಂಡೆಯ ಒಲೆಗೆ ಕರಟದ ಕೆಂಡ ಮಾಡಿ, ಕೋಳಿಯ ಮಡಕೆಯನ್ನು ಒಳಗೆ ತಳ್ಳಿ, “ಎರಡು ಗಂಟೆ ಯಾರೂ ಮುಟ್ಟಬ್ಯಾಡಿ” ಎಂದು ಹೋದ.

ತೋಟದಿಂದ ಬಂದ ಮಾವ ಒಲೆ ಆರಿದೆಯೆಂದುಕೊಂಡು ಎರಡು ಹೊರೆ ಒಣಗರಿ ತುರುಕಿದರು. ಮಡಕೆ ಸಿಡಿಯಿತು. ಕೋಳಿ ಯಾವುದು, ಕರಟ ಯಾವುದು ಎಂದು ಗುರುತೇ ಸಿಗಲಿಲ್ಲ.

ಮಾವ ಮಾತ್ರ ತಲೆ ಒರೆಸಿಕೊಳ್ಳುತ್ತಾ ಬಂದು ಕೇಳಿದರು: “ಇವತ್ತು ನೀರೇ ಘಮ್ ಅಂತಿತ್ತಲ್ಲವ್ವ, ಏನ್ ಹಾಕಿದ್ರಿ?”

೨. ಬದುವಿನ ಗುಂಡಿ

ಮುಂದಿನ ವಾರ ತೋಟದಲ್ಲಿ. ಮೈದುನ ಕೋಳಿಯ ಹೊಟ್ಟೆಗೆ ನಿಂಬೆಹಣ್ಣು, ಒಣಮೆಣಸಿನಕಾಯಿ ತುಂಬಿ ದಾರದಲ್ಲಿ ಹೊಲಿದ. ಕಾಲು ಕಟ್ಟಿದ. ತರಕಾರಿ ಜೋಡಿಸಿ, ಮಡಕೆ ಮುಚ್ಚಿ, ಬದುವಿನ ಪಕ್ಕ ಹೂತು ಮೇಲೆ ಕೆಂಡ ಹರಡಿದ. ನಾವು ಮನೆಗೆ ಬಂದೆವು.

ಹೊಗೆ ಕಂಡ ಪಕ್ಕದ ತೋಟದವರು ಕೆದಕಿ ನೋಡಿದ್ದಾರೆ. ಗಡಿಯಲ್ಲಿ ಹೂತ ಮಡಕೆ, ಅದರೊಳಗೆ ದಾರ ಸುತ್ತಿದ ಇಡೀ ಕೋಳಿ, ಇಣುಕುವ ನಿಂಬೆಹಣ್ಣು! “ಮಾಟ ಮಾಡ್ಸವ್ರೆ ಕಣ್ರಪ್ಪೋ!”

ನಾವು ಓಡಿಹೋಗುವಷ್ಟರಲ್ಲಿ ಮಾಟ ತೆಗೆಯುವ ಅಯ್ಯ ಬಂದಾಗಿತ್ತು. “ಅದು ಅಡುಗೆ ಕಣ್ರೀ” ಅಂದೆ. “ಕುಯ್ಯದೆ ಯಾರವ್ವ ಕೋಳಿ ಅಡುಗೆ ಮಾಡ್ತಾರೆ?” ಅಂದರು. ಅಯ್ಯ ಮೂರು ಸುತ್ತು ಬಂದು, ಬಗ್ಗಿ ಮೂಸಿ, “ಬಲವಾದ್ದು. ಇದನ್ನ ನಾನೇ ಕಳೀಬೇಕು” ಎಂದು ಮಡಕೆ ಹೊತ್ತು ನಡೆದ.

ಎರಡು ದಿನ ಬಿಟ್ಟು ದಾರಿಯಲ್ಲಿ ಸಿಕ್ಕವನು ಮೆಲ್ಲಗೆ ಹೇಳಿದ: “ಉಪ್ಪು ಒಂಚೂರು ಕಮ್ಮಿ ಆಗಿತ್ತು ಕಣವ್ವ.”

೩. ಅತ್ತೆಯ ಕಾವಲು

ಮೈದುನ ಹೊರಡುವ ಹಿಂದಿನ ದಿನ ಕೊನೆಯ ಕೋಳಿ. “ಹಿತ್ತಲಲ್ಲಿಡು, ನಾನೇ ಕಾಯ್ತೀನಿ” ಅಂದರು ಅತ್ತೆ. ಮೈದುನ ಮುಚ್ಚಳಕ್ಕೆ ರಾಗಿಹಿಟ್ಟು ಮೆತ್ತಿ, ಮೇಲೂ ಕೆಳಗೂ ಕೆಂಡವಿಟ್ಟ. ಅಷ್ಟರಲ್ಲಿ ಮಾವ ಕೆಂಕೆರೆಯ ನೆಂಟರಿಬ್ಬರನ್ನು ಊಟಕ್ಕೆ ಕರೆತಂದರು. ಒಟ್ಟಿಗೆ ಕೂರುವ ಮಾತು ಅಲ್ಲಿಗೆ ಮುಗಿಯಿತು. ನನ್ನ ಮುಖ ಸಣ್ಣಗಾದದ್ದನ್ನು ಅತ್ತೆ ನೋಡಿದರು. ಹಿತ್ತಲಿಗೆ, ಕಾವಲಿಗೆ ವಾಪಸು ನಡೆದರು.

ಪಡಸಾಲೆಯಲ್ಲಿ ಮಡಕೆ ತೆರೆದರು. ಹೊಂಬಣ್ಣದ ಕೋಳಿ, ಸುತ್ತ ಜಿಡ್ಡು ಕುಡಿದ ಆಲೂಗಡ್ಡೆ. ಕೋಳಿಗೆ ಕಾಲಿರಲಿಲ್ಲ.

“ಅವ್ವಾ, ಕಾಲು ಎಲ್ಲವ್ವ?” ಅಂದ ಮೈದುನ.

“ನಾನೇನ್ ಕಂಡೆ? ಅಷ್ಟೊತ್ತು ಕೆಂಡದಲ್ಲಿಟ್ರೆ ಕಾಲು ನಿಲ್ತಾವಾ?”

ಮಾವ ತಲೆದೂಗಿದರು. “ಮೊದಲ್ನೇ ಸಲ ಕೋಳಿಗೆ ಕೋಳಿನೇ ಹೋಗಿತ್ತು. ಈ ಸಲ ಕಾಲಷ್ಟೇ. ಕಲೀತಾ ಇದೀಯ ಬುಡ್ಲಾ.”

ನಾನು ಒಳಗೆ ಹೋದೆ. ಅತ್ತೆ ಹಿಂದೆಯೇ ಬಂದು ಅಡುಗೆಮನೆ ಬಾಗಿಲು ಹಾಕಿ, ಮೊರದ ಕೆಳಗಿಂದ ಬೋಗುಣಿ ತೆಗೆದರು. ಎರಡು ಕಾಲು!

“ಇಲ್ಲಿಗೆ ಬಾಡು ತಂದ್ರಾ ಅತ್ತೆ?”

“ಅದಕ್ಕೇ ಇಲ್ಲಿ ಯಾರೂ ಹುಡುಕಕಿಲ್ಲ. ನಾನು ಈ ಮನೆಗೆ ಬಂದು ನಲವತ್ತು ವರ್ಷ ಆಯ್ತು ಕಣೇ, ನಾನೂ ತಿಂದಿರ್ಲಿಲ್ಲ. ಬಿರ್‍ರನೆ ತಿನ್ನು.”

ಈಗ ಮೊಮ್ಮಗಳು ಹೊಸ ಓವನ್ ಎದುರು ನೋಟ್‌ಬುಕ್ ಹಿಡಿದು ಕೂತಿದ್ದಾಳೆ. “ಕಥೆ ಸಾಕಜ್ಜಿ, ಮಾಡೋದು ಹೇಗೆ ಹೇಳು.”

“ಬರ್ಕೊ ಪುಟ್ಟಿ. ಮಸಾಲೆ ಹೆಂಗಾದ್ರೂ ನಡೆಯುತ್ತೆ. ಬೆಂದ ತಕ್ಷಣ, ಯಾರನ್ನೂ ಊಟಕ್ಕೆ ಕರೆಯೋ ಮೊದಲು, ಎರಡೂ ಕಾಲು ಮುರಿದು ಎತ್ತಿಡು. ಒಂದು ನಿಂಗೆ, ಒಂದು ನಂಗೆ.”