ಅಳದ ಹಾರ್ಡ್ ಡಿಸ್ಕ್ ಬೇಡವೆಂದ ಅತ್ತೆ

ನಮ್ಮ ಸೋದರತ್ತೆ ಗಂಡನನ್ನು ಒಪ್ಪಿಕೊಳ್ಳಲು ತೆಗೆದುಕೊಂಡದ್ದು ಒಂದು ಲೋಟ ಕಾಫಿ ಆರುವಷ್ಟು ಹೊತ್ತು. ಒಂದು ಹಾರ್ಡ್ ಡಿಸ್ಕ್ ಒಪ್ಪಿಕೊಳ್ಳಲು ಅವರಿಗೆ ಏಳು ತಿಂಗಳು, ಹನ್ನೊಂದು ಅಂಗಡಿ ಮತ್ತು ನನ್ನ ಅರ್ಧ ಆಯಸ್ಸು ಸಾಲಲಿಲ್ಲ! ಇದನ್ನು ಮಾವನ ಎದುರಿಗೆ ಹೇಳಿದರೆ ಅವರೇನೂ ನೊಂದುಕೊಳ್ಳುವುದಿಲ್ಲ. ತನ್ನನ್ನೂ ಅಷ್ಟೇ ತಿರುಗಿಸಿ ಮುರುಗಿಸಿ ನೋಡಿದ್ದರೆ ತಾನು ಅವತ್ತೇ ಬಚಾವಾಗಿರುತ್ತಿದ್ದೆ ಎನ್ನುತ್ತಾರೆ. ಅತ್ತೆ ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದಾಗ ಮಾತ್ರ.

ಅತ್ತೆ ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಮಾಡಿಸಿದ ನರ್ಸಮ್ಮ. ಹಾಗಲವಾಡಿ ಕಡೆ ಕೆಲವು ವರ್ಷ, ಕಡಬದಲ್ಲಿ ಕೆಲವು ವರ್ಷ, ನಡುವೆ ಕುಣಿಗಲ್ಲು. ಈಗ ನಿವೃತ್ತಿಯಾಗಿ ಗುಬ್ಬಿಯಲ್ಲಿದ್ದಾರೆ. ಅವರ ಜೊತೆ ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ನಡೆಯುವುದು ದೊಡ್ಡ ಶಿಕ್ಷೆ. ಮೀಸೆ ಬಿಟ್ಟ ಯಾವನೋ ಬಂದು ಕಾಲಿಗೆ ಬೀಳುತ್ತಾನೆ. ಅತ್ತೆ ನನಗೆ ಅವನ ಪರಿಚಯ ಮಾಡಿಸುವುದು ಹೆಸರಿನಿಂದಲ್ಲ, ತೂಕದಿಂದ. ಇವನು ಎರಡೂ ಮುಕ್ಕಾಲು ಕೆಜಿ, ಕಾಲು ಮುಂದಾಗಿ ಬಂದು ಅವರಮ್ಮನನ್ನು ಅರೆಜೀವ ಮಾಡಿದವನು ಎಂದು. ಅದೂ ಅವನ ಹೊಸ ಹೆಂಡತಿಯ ಎದುರಿಗೆ!

ಮಾವ ಎಂದೋ ತಿರುಪತಿಗೆ ಹೋಗುವಾಗ ಒಂದು ಪುಟ್ಟ ಕ್ಯಾಮೆರಾ ಕೊಂಡಿದ್ದರು. ಅತ್ತೆ ಅದನ್ನು ಕಿತ್ತುಕೊಂಡು ಆಸ್ಪತ್ರೆಗೆ ಒಯ್ದರು. ಅವತ್ತಿನಿಂದ ತಮ್ಮ ಕೈಗೆ ಬಂದ ಪ್ರತಿಯೊಂದು ಮಗುವಿನದೂ ಒಂದು ಫೋಟೊ. ಒರೆಸಿ, ಶುಭ್ರವಾದ ಬಟ್ಟೆಯಲ್ಲಿ ಸುತ್ತಿ, ಒಂದೇ ಒಂದು. ಮನೆಗೆ ಬಂದು ಅದನ್ನು ಕಂಪ್ಯೂಟರಿಗೆ ಹಾಕಿ, ತಾಯಿಯ ಹೆಸರು, ಊರು, ತೂಕ ಬರೆಯುತ್ತಿದ್ದರು. ಎಲ್ಲವೂ ನಡುಮನೆಯ ಹಳೆಯ ಕಂಪ್ಯೂಟರಿನಲ್ಲಿದ್ದವು, ಬೇರೆಲ್ಲೂ ಇರಲಿಲ್ಲ.

ನಾನು ತುಮಕೂರಿನ ಒಂದು ಕಚೇರಿಯಲ್ಲಿ ಗುಮಾಸ್ತ. ಪ್ರಿಂಟರಿಗೆ ಇಂಕು ತುಂಬಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ ನಮ್ಮ ವಂಶದ ಕಂಪ್ಯೂಟರ್ ಪಂಡಿತ. ಒಂದು ದಿನ ಅತ್ತೆ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಆ ಕಂಪ್ಯೂಟರು ಒಳಗಿನಿಂದ ಕಟಕಟ ಹಲ್ಲು ಕಡಿಯಿತು. ಇದರ ಆಯಸ್ಸು ಮುಗಿಯುತ್ತಾ ಬಂದಿದೆ, ಎಲ್ಲಾದರೂ ಒಯ್ಯಬಹುದಾದ ಪುಟ್ಟ ಹಾರ್ಡ್ ಡಿಸ್ಕ್ ಸಿಗುತ್ತದೆ, ಅದರಲ್ಲಿ ಇನ್ನೊಂದು ಪ್ರತಿ ಇಟ್ಟುಬಿಡೋಣ ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಗಟ್ಟಿಮುಟ್ಟಾದದ್ದನ್ನು ನೋಡಿ ತಗೊಳ್ಳೋಣ ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮೊದಲ ಅಂಗಡಿ ತುಮಕೂರಿನ ಶಿರಾ ಗೇಟಿನದು. ಅಂಗಡಿಯವರು ಸಾಧು ಮನುಷ್ಯ. ನಾಲ್ಕು ಡಿಸ್ಕುಗಳನ್ನು ಗಾಜಿನ ಮೇಲೆ ಸಾಲಾಗಿ ಇಟ್ಟು, ಎಲ್ಲಕ್ಕೂ ಮೂರು ವರ್ಷ ಗ್ಯಾರಂಟಿ ಎಂದರು. ಅತ್ತೆ ಕನ್ನಡಕ ಏರಿಸಿದರು.

"ಮೂರು ವರ್ಷಕ್ಕೆ ಮಗೂಗೆ ಚಡ್ಡಿ ಹಾಕ್ಕೊಳ್ಳೋಕೂ ಬರಲ್ಲ ಕಣಪ್ಪ. ನಂಗೆ ನೂರು ವರ್ಷದ್ದು ಕೊಡು."

ಆಮೇಲೆ ನಡೆದದ್ದನ್ನು ಬರೆಯಲು ನನಗೆ ಈಗಲೂ ನಾಚಿಕೆ. ಅತ್ತೆ ಚೀಲದಿಂದ ಹಸುಗೂಸುಗಳನ್ನು ತೂಗುವ ಸ್ಪ್ರಿಂಗ್ ತಕ್ಕಡಿ ತೆಗೆದರು. ಅದಕ್ಕೆ ಬಟ್ಟೆಯ ಜೋಲಿ ಸಿಕ್ಕಿಸಿ, ಜೋಲಿಯಲ್ಲಿ ಡಿಸ್ಕನ್ನು ಮಲಗಿಸಿ ಎತ್ತಿ ಹಿಡಿದರು. ಮುಳ್ಳು ಅಲ್ಲಾಡಲಿಲ್ಲ. ತೂಕ ಸಾಲದು ಎಂದು ತೀರ್ಪಾಯಿತು. ಹಗುರವಾಗಿರುವುದೇ ಇದರ ಹೆಚ್ಚುಗಾರಿಕೆ ಎಂದು ಅಂಗಡಿಯವರು ವಿವರಿಸಲು ಹೋದರು. ಮಗು ಸಣ್ಣದಾದರೆ ಹೆರಿಗೆ ಸುಲಭ ಎಂದು ಬಸುರಿಗೆ ಊಟ ಕಮ್ಮಿ ಹಾಕುವ ಅತ್ತೆಯರೂ ಹೀಗೇ ಹೇಳುತ್ತಿದ್ದರು ಎಂದು ನಮ್ಮತ್ತೆ ಅವರಿಗೆ ಹತ್ತು ನಿಮಿಷ ಪಾಠ ಮಾಡಿದರು. ಅಂಗಡಿಯಲ್ಲಿದ್ದ ಉಳಿದ ಗಿರಾಕಿಗಳೂ ನಿಂತು ಕೇಳಿದರು. ನಾನು ಹೊರಗೆ ಹೋಗಿ ಸಿಟಿ ಬಸ್ಸುಗಳ ನಂಬರ್ ಓದುತ್ತಾ ನಿಂತೆ.

ಎರಡನೇ ಅಂಗಡಿಯವರು ಸುತ್ತಲೂ ರಬ್ಬರು ಕಟ್ಟಿದ್ದ ಒಂದನ್ನು ತೋರಿಸಿದರು. ಕೆಳಗೆ ಬಿದ್ದರೂ ಏನೂ ಆಗುವುದಿಲ್ಲವಂತೆ. ನನಗೆ ಆಸೆ ಚಿಗುರಿತು. ಅತ್ತೆ ಆ ಡಿಸ್ಕನ್ನು ನೋಡಲಿಲ್ಲ, ಅಂಗಡಿಯವರ ಕೈಯನ್ನು ನೋಡಿದರು. ಬಿದ್ದರೂ ಏನೂ ಆಗಲ್ಲ ಎನ್ನುವವರ ಕೈಗೆ ತಾವು ಏನನ್ನೂ ಕೊಡುವುದಿಲ್ಲ, ಅಂಥವರೇ ಬೀಳಿಸುವುದು ಎಂದು ಮೆಟ್ಟಿಲಿಳಿದರು. ಚಿಗುರಿದ್ದ ಆಸೆಯನ್ನು ಅಲ್ಲೇ ಬಿಟ್ಟು ನಾನೂ ಹಿಂದೆಯೇ ಇಳಿದೆ.

ಫೋಟೊಗಳನ್ನು ಇಂಟರ್‌ನೆಟ್ಟಿನಲ್ಲೇ ಇಡಬಹುದು, ಅಂಗಡಿ ಸುತ್ತುವುದೇ ಬೇಡ ಎಂದು ಒಮ್ಮೆ ಹೇಳಿ ನೋಡಿದೆ. ಇನ್ನೊಬ್ಬರ ಮಕ್ಕಳನ್ನು ಗುರುತು ಪರಿಚಯ ಇಲ್ಲದವರ ಮನೆಯಲ್ಲಿ ಬಿಟ್ಟು ಬರಲು ತಮಗೇನು ತಲೆ ಕೆಟ್ಟಿದೆಯೇ ಎಂದು ಕೇಳಿದರು. ಅದೂ ಸರಿಯೇ. ಅತ್ತೆಯ ಮಾತೆಲ್ಲ ಹೀಗೇ, ಒಂದೊಂದಾಗಿ ನೋಡಿದರೆ ಸರಿ, ಒಟ್ಟಿಗೆ ನೋಡಿದರೆ ಹುಚ್ಚು ಹಿಡಿಯುತ್ತದೆ.

ಬಿ.ಎಚ್. ರಸ್ತೆಯ ಅಂಗಡಿಯೊಂದರಲ್ಲಿ ಕೊನೆಗೂ ನನಗೆ ಬೇಕಾದದ್ದು ಸಿಕ್ಕಿತು. ಹೊಸ ಬಗೆಯದು. ಒಳಗೆ ತಿರುಗುವ ತಟ್ಟೆ ಇಲ್ಲ, ಸವೆಯುವ ಚಕ್ರ ಇಲ್ಲ, ಪೆಟ್ಟಿಗೂ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಬೆಲೆ ಜಾಸ್ತಿಯಾದರೂ ಕೊಡಲು ಅತ್ತೆ ತಯಾರಿದ್ದರು. ಅಂಗಡಿಯವರು ಅದನ್ನು ತಂತಿಗೆ ಸಿಕ್ಕಿಸಿ ಅತ್ತೆಯ ಕೈಗೆ ಕೊಟ್ಟರು. ಅತ್ತೆ ಕಿವಿಗಿಟ್ಟುಕೊಂಡರು. ಇನ್ನೊಂದು ಕಿವಿಗೂ ಇಟ್ಟುಕೊಂಡರು. ಬೆರಳಿನಿಂದ ಅದರ ತಳಕ್ಕೆ ಎರಡು ಏಟು ಮೆಲ್ಲಗೆ ತಟ್ಟಿದರು.

"ಸದ್ದೇ ಇಲ್ವಲ್ಲ?"

"ಅದೇ ಅಲ್ವಾ ಮೇಡಂ ಇದರ ಸ್ಪೆಷಾಲಿಟಿ," ಎಂದರು ಅಂಗಡಿಯವರು.

ಅತ್ತೆಯ ಮುಖ ಬಿಳಿಚಿಕೊಂಡಿತು. ಡಿಸ್ಕನ್ನು ಗಾಜಿನ ಮೇಲಿಟ್ಟು, ಅಳದೇ ಇರುವುದು ನನಗೆ ಬೇಡ ಎಂದಷ್ಟೇ ಹೇಳಿ ಹೊರಟುಬಿಟ್ಟರು. ಬೇರೆ ಅಂಗಡಿಗಳಲ್ಲಿ ಗಂಟೆಗಟ್ಟಲೆ ವಾದ ಮಾಡಿದವರು ಅಲ್ಲಿ ಒಂದು ನಿಮಿಷ ನಿಲ್ಲಲಿಲ್ಲ. ಇದ್ದುದರಲ್ಲಿ ಅತ್ಯುತ್ತಮವಾದದ್ದನ್ನೇ ಬೇಡ ಎಂದರಲ್ಲ ಎಂದು ನಾನು ತಲೆ ಚಚ್ಚಿಕೊಂಡೆ.

ಕೊನೆಯದು ಕುಣಿಗಲ್ಲಿನ ಅಂಗಡಿ. ಹುಟ್ಟಿದ ಮಗುವಿಗೆ ನರ್ಸುಗಳು ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರಂತೆ. ಬಣ್ಣಕ್ಕೆ ಎರಡು, ಎದೆಬಡಿತಕ್ಕೆ ಎರಡು, ಉಸಿರಿಗೆ ಎರಡು, ಹೀಗೆ. ಅತ್ತೆ ಅಲ್ಲಿ ಒಂದು ಕಪ್ಪು ಡಿಸ್ಕನ್ನು ತಂತಿಗೆ ಹಾಕಿಸಿ ಅಂಕ ಕೊಡಲು ಕೂತರು. ಗುಂಯ್ ಎಂದು ಅದು ಚೆನ್ನಾಗಿಯೇ ತಿರುಗುತ್ತಿತ್ತು. ಎಂಟು ಬಂತು! ನಾನು ಪರ್ಸ್ ತೆಗೆದೆ. ಐದು ನಿಮಿಷ ಬಿಟ್ಟು ಇನ್ನೊಂದು ಸಲ ನೋಡುವುದು ಪದ್ಧತಿ ಎಂದು ತಡೆದರು. ಐದು ನಿಮಿಷ ಕಳೆಯಿತು. ಅಂಗೈ ಮಗುಚಿ ಡಿಸ್ಕಿನ ಬೆನ್ನಿಗಿಟ್ಟು ಜ್ವರ ಬಂದಿದೆ ಎಂದರು. ಯಾವ ಡಿಸ್ಕಾದರೂ ಓಡುತ್ತಿದ್ದರೆ ಬಿಸಿಯಾಗುತ್ತದೆ ಎಂದು ನಾನೂ ಅಂಗಡಿಯವರೂ ಕೈಮುಗಿದು ಹೇಳಿದೆವು. ಅಂಕ ಐದಕ್ಕಿಳಿಯಿತು, ನನ್ನ ಪರ್ಸ್ ಜೇಬಿಗಿಳಿಯಿತು.

ನೀನೇ ಒಂದನ್ನು ತಂದು ಕಾಪಿ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ತಂದಿದ್ದೆ ಸ್ವಾಮಿ! ಪರೀಕ್ಷೆಗೇ ಕೂರದ ಡಿಸ್ಕಿಗೆ ನೌಕರಿ ಇಲ್ಲ ಎಂದು ಅತ್ತೆ ಅದನ್ನು ಮಾವನಿಗೆ ಕೊಟ್ಟರು. ಮಾವ ಅದರ ತುಂಬ ಹಳೆಯ ನಾಟಕದ ಹಾಡುಗಳನ್ನು ತುಂಬಿಕೊಂಡು ಸುಖವಾಗಿದ್ದಾರೆ.

ಹೀಗಿರುವಾಗ ಒಂದು ಬೆಳಿಗ್ಗೆ ಅತ್ತೆಯ ಫೋನ್ ಬಂತು.

"ಕಂಪ್ಯೂಟ್ರು ಎದ್ದೇಳ್ತಿಲ್ಲ ಕಣೋ. ಬೇಗ ಬಾ."

ತುಮಕೂರಿನಿಂದ ಗುಬ್ಬಿಯವರೆಗೆ ಬೈಕಿನ ಮೇಲೆ ಬೈಗುಳದ ತಾಲೀಮು ಮಾಡಿಕೊಂಡೇ ಹೋದೆ. ಏಳು ತಿಂಗಳಿನದು, ಒಂದೂ ಬಾಕಿ ಉಳಿಸಬಾರದು ಎಂದುಕೊಂಡಿದ್ದೆ. ಜಗಲಿಯ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಮೂವತ್ತು ದಾಟಿರಬಹುದು. ಮಡಿಲಲ್ಲಿ ಬಟ್ಟೆ ಚೀಲ. ಮಾವ ನನ್ನನ್ನು ಗೇಟಿನ ಹತ್ತಿರವೇ ನಿಲ್ಲಿಸಿ ಮೆಲ್ಲಗೆ ವಿಷಯ ಹೇಳಿದರು.

ಅವಳು ಹಾಗಲವಾಡಿ ಕಡೆಯವಳು. ಒಂಬತ್ತು ವರ್ಷದ ಹಿಂದೆ ಚೊಚ್ಚಲ ಹೆರಿಗೆಗೆ ಅತ್ತೆಯ ಹತ್ತಿರ ಬಂದಿದ್ದಳು. ಹೆಣ್ಣುಮಗು. ಹುಟ್ಟಿದಾಗ ಅಳಲಿಲ್ಲ. ಅತ್ತೆ ಇಪ್ಪತ್ತು ನಿಮಿಷ ಅದಕ್ಕೆ ಉಸಿರು ಊದಿದರಂತೆ. ತಾಯಿಗೆ ಎಚ್ಚರ ತಪ್ಪಿ, ಅವಳನ್ನು ತುಮಕೂರಿನ ಆಸ್ಪತ್ರೆಗೆ ಸಾಗಿಸಿದರು. ಅವಳು ಕಣ್ಣು ಬಿಡುವುದರೊಳಗೆ ಮನೆಯವರು ಮಗುವನ್ನು ಮಣ್ಣು ಮಾಡಿದ್ದರು. ಅವಳು ಮಗಳ ಮುಖವನ್ನೇ ನೋಡಿಲ್ಲ. ನರ್ಸಮ್ಮ ಎಲ್ಲ ಮಕ್ಕಳ ಫೋಟೊ ತೆಗೆಯುತ್ತಿದ್ದರು ಎಂದು ಯಾರೋ ಹೋದ ವಾರ ಹೇಳಿದರಂತೆ. ಅದಕ್ಕೇ ಮೊದಲ ಬಸ್ಸಿಗೆ ಬಂದಿದ್ದಾಳೆ.

ಒಳಗೆ ಅತ್ತೆ ಕಪ್ಪಾದ ಪರದೆಯ ಎದುರಿಗೆ ಕೂತಿದ್ದರು. ನಾನು ಬಾಯಿ ತೆರೆದೆ.

"ಅಳದೇ ಇದ್ದೋವು ನಲವತ್ತೊಂದು ಇದಾವೆ ಕಣೋ ಇದ್ರಲ್ಲಿ," ಎಂದರು ಅತ್ತೆ. "ಬದುಕಿರೋವಕ್ಕೆ ಬೇಕಾದಷ್ಟು ಫೋಟೊ ಇರ್ತವೆ. ಇವಕ್ಕೆ ಇರೋದು ಇದೊಂದೇ. ಒಂದ್ಸಲ ನನ್ ಕೈಯಲ್ಲೇ ಹೋದ್ವು. ಇನ್ನೊಂದ್ಸಲನೂ ನನ್ ಕೈಯಲ್ಲೇ ಹೋಗ್ಬಾರ್ದು ಅಂತ ನೋಡಿ ನೋಡಿ, ಕೊನೇಗೆ ಹಂಗೇ ಮಾಡಿದ್ನಲ್ಲೋ."

ಅತ್ತೆ ಅತ್ತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ತಾಲೀಮು ಮಾಡಿದ್ದ ಒಂದು ಬೈಗುಳವೂ ನನಗೆ ನೆನಪಾಗಲಿಲ್ಲ. ಹನ್ನೊಂದು ಅಂಗಡಿಗಳಲ್ಲಿ ಅವರನ್ನು ನೋಡಿ ನಾಚಿಕೊಂಡಿದ್ದೆನಲ್ಲ, ಆ ನಾಚಿಕೆಯೆಲ್ಲ ಈಗ ನನ್ನ ಮೇಲೇ ಬಂತು. ಕಂಪ್ಯೂಟರನ್ನು ಬಿಚ್ಚಿ ಡಿಸ್ಕನ್ನು ಹೊರಗೆ ತೆಗೆದೆ. ಅತ್ತೆ ಅದನ್ನು ಹಳೆಯ ಮೆತ್ತನೆ ಸೀರೆಯ ತುಂಡಿನಲ್ಲಿ ಸುತ್ತಿಕೊಟ್ಟರು. ಇವತ್ತೇ ಆಗುವುದಿಲ್ಲ, ಆಗುತ್ತದೋ ಇಲ್ಲವೋ ಅದೂ ಗೊತ್ತಿಲ್ಲ ಎಂದು ಆ ಹೆಂಗಸಿಗೆ ನಾನೇ ಹೇಳಬೇಕಾಯಿತು. ಅವಳು ಸರಿ ಸಾ, ಹೇಳಿದಾಗ ಬತ್ತೀನಿ ಎಂದು ಎದ್ದು ಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕೆಟ್ಟ ಡಿಸ್ಕುಗಳಿಂದ ಫೈಲುಗಳನ್ನು ಹೊರಗೆ ತೆಗೆಯುವವರೊಬ್ಬರು ತುಮಕೂರಿನಲ್ಲಿದ್ದರು. ಎಂಟು ದಿನ ತೆಗೆದುಕೊಂಡರು. ದಿನವೂ ಸಂಜೆ ಹೋಗಿ ಅವರ ಮುಖ ನೋಡಿ ಬರುತ್ತಿದ್ದೆ. ಅತ್ತೆ ದಿನವೂ ಫೋನ್ ಮಾಡಿ ಏನೂ ಕೇಳದೆ ಊಟ ಆಯ್ತಾ ಎನ್ನುತ್ತಿದ್ದರು. ಕೊನೆಗೆ, ಬದುಕಿರುವವರ ಫೋಟೊ ಬಹಳಷ್ಟು ಬಂದವು. ನಲವತ್ತೊಂದರಲ್ಲಿ ಮೂವತ್ತೆಂಟು ಬಂದವು. ಬಾರದೇ ಹೋದ ಮೂರರಲ್ಲಿ ಉಳಿದಿದ್ದದ್ದು ತಾಯಂದಿರ ಹೆಸರಷ್ಟೇ, ಅವನ್ನು ಫೋನಿನಲ್ಲಿ ಓದಿದೆ. ಅತ್ತೆ ಆ ಮೂವರು ತಾಯಂದಿರ ಹೆಸರನ್ನು ಊರಿನ ಸಮೇತ ಮತ್ತೊಮ್ಮೆ ಹೇಳಿ ಫೋನ್ ಇಟ್ಟರು. ಎಲ್ಲವನ್ನೂ ಎರಡು ಹೊಸ ಡಿಸ್ಕುಗಳಿಗೆ ಹಾಕಿಸಿದೆ. ಯಾವುವು, ಎಷ್ಟು ವರ್ಷದವು ಎಂದು ಅತ್ತೆ ಕೇಳಲೂ ಇಲ್ಲ.

ಭಾನುವಾರ ಆ ಹೆಂಗಸು ಮತ್ತೆ ಬಂದಳು. ನನ್ನ ಲ್ಯಾಪ್‌ಟಾಪನ್ನು ಅವಳ ಮುಂದಿಟ್ಟು ಫೋಟೊ ತೆರೆದೆ. ಬಿಳಿ ಬಟ್ಟೆ, ಅದರೊಳಗೆ ತಲೆ ತುಂಬ ಕೂದಲಿನ ಒಂದು ಪುಟ್ಟ ಮುಖ, ಗಲ್ಲದ ಕೆಳಗೆ ಮುಷ್ಟಿ. ನಿದ್ದೆ ಮಾಡುವ ಮಗುವಿನ ಹಾಗೆಯೇ ಇತ್ತು. ಅವಳು ತುಂಬ ಹೊತ್ತು ನೋಡಿದಳು. ಹಣೆ ನಮ್ಮವ್ವನದು ಎಂದಳು. ಆಮೇಲೆ ಕೆಳಗಿನ ಅಕ್ಷರಗಳನ್ನು ಬೆರಳಿಟ್ಟು ಓದಿದಳು. ಅವಳ ಹೆಸರು, ಅವಳ ಊರು, ಎರಡು ಕೆಜಿ ನೂರು ಗ್ರಾಂ.

"ಮಗೀದು ಹೆಸ್ರು ಹಾಕಿಲ್ವಾ ನರ್ಸಮ್ಮ?"

"ಇಟ್ಟಿರ್ಲಿಲ್ವಲ್ಲವ್ವ."

"ಇಟ್ಟಿದ್ದೆ. ಹೆಣ್ಣೇ ಅಂತ ನಂಗೆ ಗೊತ್ತಿತ್ತು. ಹೊಟ್ಟೇಲಿದ್ದಾಗ ಮನ್ಸಲ್ಲೇ ಕರೀತಿದ್ದೆ, ಯಾರ್ಗೂ ಹೇಳಿರ್ಲಿಲ್ಲ. ಚೈತ್ರ ಅಂತ."

ಅತ್ತೆ ನನ್ನ ಕಡೆ ನೋಡಿದರು. ನಾನು ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡು, ತಾಯಿಯ ಹೆಸರಿನ ಮುಂಚೆ ಜಾಗ ಮಾಡಿ ಟೈಪ್ ಮಾಡಿದೆ. ಕಣ್ಣು ಮಂಜಾಗಿ ಎರಡು ಸಲ ತಪ್ಪಾಯಿತು. ಮೂರನೆಯ ಸಲ ಸರಿಯಾಗಿ ಬಂತು. ಪರದೆಯನ್ನು ಅವಳ ಕಡೆ ತಿರುಗಿಸಿದೆ. ಅವಳು ಅದನ್ನು ಓದಿದಳು, ಮನಸ್ಸಿನಲ್ಲಲ್ಲ, ಆಟಕ್ಕೆ ಹೋದ ಮಗುವನ್ನು ಬಾಗಿಲಲ್ಲಿ ನಿಂತು ಕರೆಯುವಷ್ಟು ಗಟ್ಟಿಯಾಗಿ.